ಆಷಾಢದಲ್ಲಿ ಜೀಪಿನ ಹೊಟ್ಟೆಗೆ ಏನು?

ಜೀಪಿನಲ್ಲಿ ಒಂದಾದರೂ ದೋಷ ಸಿಕ್ಕಿದ್ದರೆ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲ. 2022ರ ಶ್ರಾವಣ. ಬಳ್ಳಾರಿಯಲ್ಲಿ ವಾಷಿಂಗಿಗೆಂದು ಜೀನ್ಸ್ ಪ್ಯಾಂಟಿನ ಗಂಟು ಇಳಿಸಿ ವಾಪಸಾಗುವಾಗ ಕೌಲ್ ಬಜಾರಿನ ಗ್ಯಾರೇಜೊಂದರ ಮುಂದೆ ಅದು ನಿಂತಿತ್ತು. ಮಹೀಂದ್ರ ಎಂಎಂ 540, 1998ರ ಮಾಡೆಲ್, ಕೆಎ 34 ನಂಬರು. ಹಸಿರು ಬಣ್ಣ ಬಿಸಿಲಿಗೆ ಬೆಂದು ಬೂದಿಗೆ ತಿರುಗಿತ್ತು. ಕೇಳಿದ ಬೆಲೆ 1,75,000.

ಮುಂದಿನ ಭಾನುವಾರ ಅಪ್ಪನನ್ನೂ ನಮ್ಮೂರು ರಾಯದುರ್ಗದ ಮೆಕ್ಯಾನಿಕ್ಕನ್ನೂ ಕರಕೊಂಡು ಹೋದೆ. ನಾವು ಬರುವ ತನಕ ಎಂಜಿನ್ ಚಾಲೂ ಮಾಡಬೇಡಿ ಎಂದು ಮೊದಲೇ ಹೇಳಿದ್ದೆ. ಬಿಸಿಯಾದ ಎಂಜಿನ್ ತನ್ನ ರೋಗವನ್ನು ಮುಚ್ಚಿಡುತ್ತದೆ. ಮೆಕ್ಯಾನಿಕ್ ಜೇಬಿನಿಂದ ಅಯಸ್ಕಾಂತ ತೆಗೆದು ಬಾಡಿಯುದ್ದಕ್ಕೂ ಆಡಿಸಿದ. ಪುಟ್ಟಿ ಮೆತ್ತಿದ ಜಾಗದಲ್ಲಿ ಅದು ಹಿಡಿಯುವುದಿಲ್ಲ. ಬಲಗಡೆ ಮಡ್‌ಗಾರ್ಡಿನ ಅಂಗೈಯಗಲ ಬಿಟ್ಟರೆ ಎಲ್ಲ ಕಡೆಯೂ ಹಿಡಿಯಿತು. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಆರ್‌ಸಿ ಜೊತೆ ತಾಳೆ ನೋಡಿದೆವು, ಸರಿ ಇತ್ತು. ಚಾಲೂ ಮಾಡಿದಾಗ ಒಂದು ಗಳಿಗೆ ಕರಿ ಹೊಗೆ ಬಂತು, ಆಮೇಲೆ ತಿಳಿಯಾಯಿತು. ಆಯಿಲ್ ಸುಡುವ ಎಂಜಿನ್ನಿನ ನೀಲಿ ಹೊಗೆ ಒಂದಿಷ್ಟೂ ಇಲ್ಲ. ಅಪ್ಪ ಡ್ರೈವರ್ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಒಂದೊಂದೇ ಗೇರು ಹಾಕಿ ಕೇಳಿಸಿಕೊಂಡರು. ಇಳಿದು ಬಂದು ಹೇಳಿದ್ದು ಇಷ್ಟೇ: "ಗಾಡಿ ಚಲೋ ಐತೆ ಮಗಾ. ಎಂಜಿನ್ ಯಾರೂ ಬಿಚ್ಚಿಲ್ಲ."

ಅಪ್ಪನ ಮಾತಿಗೆ ನಾನು ಯಾಕೆ ಅಷ್ಟು ಬೆಲೆ ಕೊಟ್ಟೆ ಅನ್ನೋದನ್ನು ಹೇಳಬೇಕು. ಅವರು ಹತ್ತೊಂಬತ್ತು ವರ್ಷ ಬೇರೆಯವರ ಬಾಡಿಗೆ ಜೀಪು ಓಡಿಸಿದವರು. ಬಸ್ಸು ಕಮ್ಮಿ ಇದ್ದ ಕಾಲ. ಗುಮ್ಮಗಟ್ಟ, ಕಣೇಕಲ್ ಕಡೆಯ ಹಳ್ಳಿಗಳಿಗೆ ಕಮಾಂಡರ್ ಜೀಪುಗಳೇ ಬಸ್ಸು. ಒಳಗೆ ಹದಿನೈದು ಜನ, ಮೇಲೆ ಕಡ್ಲೇಕಾಯಿ ಮೂಟೆ, ಹಿಂದೆ ಜೋತುಬಿದ್ದ ನಾಲ್ಕು ಜನ. ಒಮ್ಮೆ ಹಗರಿ ಹೊಳೆಯ ಮರಳಿನಲ್ಲಿ ಅವರ ಗಾಡಿ ಹೂತುಹೋಯಿತು. ನಾನು ಆಗ ಮೂರನೇ ಕ್ಲಾಸು, ರಜೆಯೆಂದು ಜೊತೆಗೆ ಹೋಗಿದ್ದೆ. ಎರಡೇ ಗಾಲಿಗೆ ಶಕ್ತಿ ಹೋಗುವ ಗಾಡಿ ಅದು, ತಿರುಗಿದಷ್ಟೂ ಕೆಳಗೆ ಇಳಿಯುತ್ತಿತ್ತು. ಕೊನೆಗೆ ಎರಡು ಜೊತೆ ಎತ್ತು ಕಟ್ಟಿ ಎಳೆದರು. "ನಾಲ್ಕೂ ಗಾಲಿ ಎಳೆಯೋ ಗಾಡಿ ಇದ್ದಿದ್ರೆ ಎತ್ತು ಬೇಕಿರ್ಲಿಲ್ಲ" ಅಂದರು ಅಪ್ಪ. ಮೂವತ್ತು ವರ್ಷ ನನ್ನೊಳಗೆ ಉಳಿದದ್ದು ಆ ಮಾತು. ನನಗೆ ಬೇಕಾಗಿದ್ದು ಸಂಸಾರಕ್ಕೆ ಅನುಕೂಲದ ಕಾರು ಅಲ್ಲ. ಬಾಗಿಲಿಲ್ಲದ, ಗಾಳಿ ಮುಖಕ್ಕೆ ಹೊಡೆಯುವ, ನಾಲ್ಕೂ ಗಾಲಿ ಎಳೆಯುವ ಜೀಪು. ಬರೀ ಖುಷಿಗೆ. ಖುಷಿಗೆಂದು ದುಡ್ಡು ಇಡುವುದು ತಪ್ಪು ಎಂದು ನಾನು ಆಗಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ.

ನನ್ನದು ಹನ್ನೆರಡು ಮಷೀನಿನ ಜಾಬ್‌ವರ್ಕ್ ಯೂನಿಟ್ಟು. ರಾಯದುರ್ಗದ ಬೀದಿಬೀದಿಯಲ್ಲಿ ಇಂಥವು ಇವೆ. ಕತ್ತರಿಸಿದ ಡೆನಿಮ್ ಗಂಟು ಗಂಟಾಗಿ ಬರುತ್ತದೆ. ಓವರ್‌ಲಾಕ್, ಫೀಡಾಫ್, ಲೂಪು, ಕಾಜಾ, ಎಲ್ಲ ಮುಗಿಸಿ ಪೀಸಿನ ಲೆಕ್ಕದಲ್ಲಿ ಕೂಲಿ ತಗೋತೀವಿ. ದಸರಾ, ದೀಪಾವಳಿ, ಸಂಕ್ರಾಂತಿ, ಯುಗಾದಿಗೆ ಮುಂಚಿನ ವಾರಗಳಲ್ಲಿ ರಾತ್ರಿ ಹನ್ನೊಂದಕ್ಕೂ ಮಷೀನು ನಿಲ್ಲೋದಿಲ್ಲ. ಹಬ್ಬ ಕಳೆದರೆ ಮಷೀನಿನ ಮೇಲೆ ಬಟ್ಟೆ ಹೊದಿಸಿ ಇಡುವ ದಿನಗಳೂ ಇವೆ. ನಾನು ಜೀಪು ನೋಡಿದ್ದು ದಸರಾ ಆರ್ಡರು ಬಿದ್ದ ಹೊತ್ತಿನಲ್ಲಿ. ಕೈಯಲ್ಲಿ 80,000 ಇತ್ತು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಹಿಂದಿನ ಶ್ರಾವಣದಿಂದ ಈ ಶ್ರಾವಣದವರೆಗೆ ಕೂಲಿ, ಕರೆಂಟು, ಬಾಡಿಗೆ, ದಾರ, ಸೂಜಿ ಎಲ್ಲ ಕಳೆದು ನನಗೆ ಉಳಿದದ್ದು 3,36,000. ತಿಂಗಳಿಗೆ 28,000. ಮನೆ ಖರ್ಚು, ಚೀಟಿ ಸೇರಿ 21,000. ಅಂದರೆ 7,000 ಮಿಗುತ್ತದೆ. ಜೀಪಿಗೆ ತಿಂಗಳಿಗೆ ಡೀಸೆಲ್ 2,500, ರಿಪೇರಿಗೆಂದು 1,500. 1500 ಸಿಸಿ ದಾಟಿದ ಗಾಡಿಗೆ ಸರಕಾರ ಆ ವರ್ಷ ಗೊತ್ತು ಮಾಡಿದ್ದ ಥರ್ಡ್ ಪಾರ್ಟಿ ಪ್ರೀಮಿಯಂ 7,897. ಜಿಎಸ್‌ಟಿ ಸೇರಿ 9,318, ತಿಂಗಳಿಗೆ ಸುಮಾರು 780. ಇಪ್ಪತ್ತನಾಲ್ಕು ವರ್ಷದ ಗಾಡಿಗೆ ಬ್ಯಾಂಕು ಸಾಲ ಕೊಡುವುದಿಲ್ಲ. ಅದಕ್ಕೆ ಲಕ್ಷದ ಚೀಟಿಯನ್ನು ಮೊದಲೇ ಕೂಗಿ 70,000ಕ್ಕೆ ಎತ್ತುವುದು, 25,000 ಕೈಸಾಲ ತರುವುದು ಎಂದು ಅಂದುಕೊಂಡೆ. ನೂರಕ್ಕೆ ಎರಡು ರೂಪಾಯಿ ಬಡ್ಡಿ, ತಿಂಗಳಿಗೆ 500. ಒಟ್ಟು 5,280. ಮಿಗುವುದು ಏಳು ಸಾವಿರ, ಬೇಕಾಗುವುದು ಐದು ಸಾವಿರದ ಚಿಲ್ಲರೆ. ಲೆಕ್ಕ ಕೂಡಿಬಂತು ಎಂದು ನೆಮ್ಮದಿಯಾಗಿ ಮಲಗಿದೆ.

ನನ್ನ ಹೆಂಡತಿ ಯೂನಿಟ್ಟಿನ ಪುಸ್ತಕ ಬರೆಯುವವಳು. ಬೆಳಿಗ್ಗೆ ನನ್ನ ಹಾಳೆ ಓದಿ ಬೇಡ ಅನ್ನಲಿಲ್ಲ. "ಈ ಎಂಬತ್ತು ಸಾವಿರ ಯಾರದು ರೀ?" ಎಂದು ಕೇಳಿದಳು. ನಮ್ಮದೇ ಅಲ್ಲವಾ ಅಂದೆ. ಪುಸ್ತಕ ತೆಗೆದಳು. ಅದರಲ್ಲಿ 35,000 ವ್ಯಾಪಾರಿ ಕೊಟ್ಟ ಅಡ್ವಾನ್ಸು, ದಸರೆಗೆ ಮುಂಚೆ ಹೊಲಿಯುವವರಿಗೆ ಕೂಲಿಯಾಗಿ ಹೋಗಬೇಕಾದ್ದು. 24,000 ಮಗಳ ಫೀಜಿನ ಎರಡನೇ ಕಂತು. ಉಳಿದ 21,000 ದೀಪಾವಳಿ ಆದಮೇಲಿನ ಖಾಲಿ ತಿಂಗಳಿನ ಅಕ್ಕಿ, ಬೇಳೆ, ಬಾಡಿಗೆ. ಒಂದು ರೂಪಾಯಿಯೂ ಹೆಸರಿಲ್ಲದ್ದು ಇರಲಿಲ್ಲ.

ಆಮೇಲೆ ಹನ್ನೆರಡು ತಿಂಗಳನ್ನೂ ಒಂದೊಂದಾಗಿ ಬಿಡಿಸಿ ಬರೆದಳು. ಏಳು ತಿಂಗಳು ಸರಾಸರಿ ನಲವತ್ತು ಸಾವಿರದಷ್ಟು ಬಂದಿತ್ತು. ಐದು ತಿಂಗಳು ಎಲ್ಲ ಸೇರಿ ಬಂದದ್ದು 55,000. ಅಂಥ ತಿಂಗಳಿಗೊಂದಕ್ಕೆ ಹತ್ತು ಸಾವಿರ ಕೊರತೆ. ಆ ತಿಂಗಳುಗಳಲ್ಲಿ ನಾವು ದಾರದ ಅಂಗಡಿಯಲ್ಲಿ ಬಾಕಿ ನಿಲ್ಲಿಸಿದ್ದೆವು, ಅವಳ ತಮ್ಮನಿಂದ ಕೈಗಡ ತಂದಿದ್ದೆವು, ಅದನ್ನು ನಾನು ಮರೆತೇಬಿಟ್ಟಿದ್ದೆ. ತಿಂಗಳಿಗೆ 28,000 ಬಂದ ಒಂದು ತಿಂಗಳೂ ಆ ವರ್ಷದಲ್ಲಿ ಇರಲಿಲ್ಲ.

"ಜೀಪು ಬ್ಯಾಡ ಅನ್ನಂಗಿಲ್ಲ ನಾನು" ಅಂದಳು. "ದಸರಾ ತಿಂಗಳಾಗೆ ಅದಕ್ಕ ಹಾಕಾಕ ಆಗ್ತೈತಿ. ಆಷಾಢದಾಗೆ ಅದ್ರ ಹೊಟ್ಟಿಗೆ ಏನ್ ಹಾಕ್ತೀರಿ, ಅದನ್ನ ಹೇಳ್ರಿ."

ಉತ್ತರ ನನ್ನ ಹತ್ತಿರ ಇರಲಿಲ್ಲ. ಸಂಬಳ ಬರುವವರಿಗೆ ಈ ಕಷ್ಟ ಪೂರ್ತಿ ಅರ್ಥ ಆಗಲಿಕ್ಕಿಲ್ಲ. ಅವರ ವರ್ಷವನ್ನು ಹನ್ನೆರಡರಿಂದ ಭಾಗಿಸಬಹುದು. ಪೀಸಿನ ಕೂಲಿಯವರದ್ದು, ಮಳೆ ನಂಬಿದ ರೈತರದ್ದು ಭಾಗಿಸಿದರೆ ಲೆಕ್ಕ ಸುಳ್ಳು ಹೇಳುತ್ತದೆ. ಇನ್ನೊಂದು ಮಾತು. ಆಸೆಯ ವಸ್ತು ನಮ್ಮ ಕಣ್ಣಿಗೆ ಬೀಳುವುದು ಕೈ ತುಂಬಿದ ತಿಂಗಳಿನಲ್ಲೇ, ಏಕೆಂದರೆ ಪೇಟೆಗೆ ನಾವು ತಿರುಗಾಡುವುದೇ ಆಗ.

ಬೆಲೆಯನ್ನೂ ನಾನು ಪೂರ್ತಿ ಎಣಿಸಿರಲಿಲ್ಲ, ನಡುವೆ ರಾಜ್ಯದ ಗಡಿ ಗೆರೆ ಇತ್ತು. ಅಜ್ಜನ ಕಾಲಕ್ಕೆ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗ ಈ ಕಡೆ, ಆಂಧ್ರದಲ್ಲಿ ಉಳಿದವು. ಮನೆಯಲ್ಲಿ ಕನ್ನಡ, ಆಫೀಸಿನಲ್ಲಿ ತೆಲುಗು ಎಂದು ನಾವು ಆ ಗೆರೆಯ ಮೇಲೆಯೇ ಬದುಕಿ ರೂಢಿಯಾಗಿದ್ದೇವೆ. ಆದರೆ ಗಾಡಿ ವಿಷಯದಲ್ಲಿ ಗೆರೆ ಗೆರೆಯೇ. ಐವತ್ತು ಕಿಲೋಮೀಟರ್ ಆಚೆಯ ಕೆಎ ಗಾಡಿಯನ್ನು ಹನ್ನೆರಡು ತಿಂಗಳಿಗೂ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಎಪಿ ನಂಬರು ಹಾಕಿಸಬೇಕು. ಬಳ್ಳಾರಿ ಆರ್‌ಟಿಓದಿಂದ ಎನ್‌ಓಸಿ, ಇಲ್ಲಿ ಲೈಫ್ ಟ್ಯಾಕ್ಸು, ಹೆಸರು ಬದಲಾವಣೆ. ಏಜೆಂಟು ಹೇಳಿದ ಒಟ್ಟು ಮೊತ್ತ 32,000. ನಾಲ್ಕು ಟೈರು, ಬ್ಯಾಟರಿ 27,000. ಚೀಟಿ ಮುಂಚೆ ಕೂಗಿದ್ದಕ್ಕೆ ಕಳಕೊಳ್ಳುವ 30,000. ಹೀಗೆ 1,75,000ದ ಜೀಪು ಮನೆ ಬಾಗಿಲಿಗೆ ಬರುವಷ್ಟರಲ್ಲಿ 2,64,000. ಮೇಲೆ, ಹದಿನೈದು ವರ್ಷ ದಾಟಿದ ಗಾಡಿಯ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600ರಿಂದ 5,000ಕ್ಕೆ ಏರಿತ್ತು. ಈ ಜೀಪಿನ ಸರದಿ ಮರುವರ್ಷವೇ.

ಡೀಸೆಲ್ ಒಂದರಲ್ಲಿ ಮಾತ್ರ ಗೆರೆ ನಮಗೆ ಅನುಕೂಲ: ಬಳ್ಳಾರಿಯಲ್ಲಿ ಲೀಟರಿಗೆ ಸುಮಾರು ಹತ್ತು ರೂಪಾಯಿ ಕಡಿಮೆ ಇತ್ತು.

ಗ್ಯಾರೇಜಿನವನಿಗೆ ಫೋನು ಮಾಡಿ ಆಗಲ್ಲ ಅಂದೆ. ಹದಿನೈದು ದಿನದಲ್ಲಿ ಜೀಪು ಮಾರಾಟವಾಯಿತು. ಹೊಸ ಯಜಮಾನರು ಅದಕ್ಕೆ ಹಸಿರು ಬಣ್ಣವನ್ನೇ ಮತ್ತೆ ಹೊಡೆಸಿದರು. ಮೋಕಾ ರಸ್ತೆಯಲ್ಲಿ ಒಮ್ಮೆ ಎದುರಿಗೆ ಬಂತು. ನಾನು ಬೈಕು ಪಕ್ಕಕ್ಕೆ ನಿಲ್ಲಿಸಿ ಅದು ಮರೆಯಾಗುವ ತನಕ ನೋಡಿದೆ. ಸರಿಯಾದ ತೀರ್ಮಾನ ಮಾಡಿದರೆ ಮನಸ್ಸಿಗೆ ಹಗುರ ಆಗುತ್ತದೆ ಅಂತಾರೆ, ನನಗೆ ಹಾಗೆ ಆಗಲಿಲ್ಲ. ತಿಂಗಳುಗಟ್ಟಲೆ ನೋವಿತ್ತು. ಅಪ್ಪನಿಗೆ ಎಪ್ಪತ್ತೆರಡು ಆಗಿತ್ತು, ಆ ನೋವಿನಲ್ಲಿ ಅದೂ ಸೇರಿತ್ತು.

ಆ ಅಕ್ಟೋಬರಿನಲ್ಲಿ ಒಂದು ಕೆಲಸ ಶುರು ಮಾಡಿದೆವು. ಜೀಪು ಇದೆ ಎಂದೇ ತಿಳಿದುಕೊಂಡು ತಿಂಗಳಿಗೆ 5,280 ಪೋಸ್ಟಾಫೀಸಿನ ಉಳಿತಾಯ ಖಾತೆಗೆ ಹಾಕುವುದು. ಪುಸ್ತಕದಲ್ಲಿ ದಾರ, ಸೂಜಿ, ಕರೆಂಟು ಎಂಬ ಸಾಲುಗಳ ಕೆಳಗೆ ಹೆಂಡತಿ 'ಜೀಪು' ಎಂದು ಹೊಸ ಸಾಲು ಬರೆದಳು. ಆಗದ ತಿಂಗಳು ಸೊನ್ನೆ ಹಾಕಬೇಕು, ಹಿಂದಿನದನ್ನು ಮುಂದಿನ ತಿಂಗಳು ಸೇರಿಸಿ ಮುಚ್ಚಬಾರದು ಎಂಬುದು ಅವಳ ಕಟ್ಟಳೆ. ಮೊದಲ ವರ್ಷ ಆರು ತಿಂಗಳು ಪೂರ್ತಿ, ಎರಡು ತಿಂಗಳು ಅರ್ಧ, ನಾಲ್ಕು ತಿಂಗಳು ಸೊನ್ನೆ. 36,960 ಕೂಡಿತು. ಜೀಪು ನಿಜವಾಗಿ ಬಂದಿದ್ದರೆ ಆ ನಾಲ್ಕು ಸೊನ್ನೆ ತಿಂಗಳಲ್ಲೂ ಬಡ್ಡಿಯವರು ಬಾಗಿಲಿಗೆ ಬರುತ್ತಿದ್ದರು.

ಆ ದುಡ್ಡಿನಲ್ಲಿ ಒಂದು ಸಲ ಖರ್ಚು ಮಾಡಿದೆ. 2023ರ ಶ್ರಾವಣದ ಶನಿವಾರ. ಮುರಡಿ, ನೇಮಕಲ್ಲು, ಕಸಾಪುರ, ಈ ಮೂರು ಊರಿನ ಆಂಜನೇಯನನ್ನು ಒಂದೇ ದಿನ ನೋಡಿ ಬರುವುದು ನಮ್ಮ ಸೀಮೆಯ ಪದ್ಧತಿ. ಮೂರನ್ನೂ ವ್ಯಾಸರಾಯರೇ ಪ್ರತಿಷ್ಠೆ ಮಾಡಿದರೆಂದು ನಂಬಿಕೆ. ಮೊಳಕಾಲ್ಮೂರಿನ ಪರಿಚಯದವರು ತಮ್ಮ ಜೀಪು ಕೊಟ್ಟರು. ಬಾಡಿಗೆ ತಗೊಳ್ಳಲಿಲ್ಲ. ಡೀಸೆಲ್ 2,700 ಆಯಿತು, ಅವರ ಮಗನಿಗೆ ಒಂದು ಜೊತೆ ಜೀನ್ಸ್ ಹೊಲಿದುಕೊಟ್ಟೆ. ಅಪ್ಪ ಮುರಡಿಯ ತನಕ ತಾವೇ ಓಡಿಸಿದರು. ಎರೆ ಹೊಲದ ಪಕ್ಕದ ಮಣ್ಣು ದಾರಿಗೆ ಇಳಿಸಿ, ಬೇಕಿಲ್ಲದಿದ್ದರೂ ಫೋರ್‌ವ್ಹೀಲ್ ಲಿವರ್ ಎಳೆದರು. ನನ್ನ ಕಡೆ ತಿರುಗಿ ನೋಡಿದರು, ಮಾತಾಡಲಿಲ್ಲ. ಕಸಾಪುರ ಮುಟ್ಟುವಷ್ಟರಲ್ಲಿ ಪಟ್ಟಿ ಸ್ಪ್ರಿಂಗಿನ ಏಟಿಗೆ ನನ್ನ ಸೊಂಟ ಹಿಡಿದಿತ್ತು, ಮಗಳ ತಲೆ ತುಂಬ ಧೂಳು. ಆಸೆ ಕಮ್ಮಿ ಆಗಲಿಲ್ಲ. ಅದು ಎಂಥ ಆಸೆ ಎಂದು ಮಾತ್ರ ಗೊತ್ತಾಯಿತು: ನನಗೆ ಜೀಪು ದಿನಾ ಬೇಕಿಲ್ಲ, ಅಪ್ಪ ಕೂತಿರುವ ಜೀಪು ಬೇಕು.

ಸೊನ್ನೆಗಳು ಇನ್ನೊಂದು ಉಪಕಾರ ಮಾಡಿದವು. ಅವು ಬಿದ್ದದ್ದು ಹೆಚ್ಚೂಕಡಿಮೆ ಹಿಂದೆ ಕೊರತೆ ಬಿದ್ದ ತಿಂಗಳುಗಳಲ್ಲೇ, ಆಷಾಢದಲ್ಲಂತೂ ತಪ್ಪದೆ. ಕಣ್ಣೆದುರು ಸಾಲಾಗಿ ನಿಂತ ಮೇಲೆ ಸುಮ್ಮನಿರಲು ಆಗಲಿಲ್ಲ. 2024ರಲ್ಲಿ ಶಾಲಾ ಸಮವಸ್ತ್ರದ ಪ್ಯಾಂಟು ಹೊಲಿಯಲು ಒಪ್ಪಿಕೊಂಡೆ. ಜೀನ್ಸಿನವರು ಅದನ್ನು ಸಣ್ಣ ಕೆಲಸ ಅಂತಾರೆ, ಪೀಸಿಗೆ ಸಿಗುವುದೂ ಕಮ್ಮಿ. ಆದರೆ ಏಪ್ರಿಲ್‌ನಿಂದ ಜೂನ್ ತನಕ ಮಷೀನು ಓಡುತ್ತದೆ, ಕೂಲಿ ಕೈಗೆ ಬರುವುದು ಆಷಾಢದಲ್ಲಿ. ಆ ವರ್ಷದ ಆಷಾಢದಲ್ಲಿ ಜೀಪಿನ ಸಾಲು ಅರ್ಧ ತುಂಬಿತು. ನಡುವೆ ಓವರ್‌ಲಾಕಿನ ಮೋಟರು ಸುಟ್ಟಾಗ ಜೀಪಿನ ಖಾತೆಗೇ ಕೈ ಹಾಕಿದೆ. ಹೆಂಡತಿ ಅದನ್ನು ಸಾಲವೆಂದೇ ಬರೆದಳು, ನಾಲ್ಕು ತಿಂಗಳಲ್ಲಿ ತೀರಿಸಿದೆ.

2025ರ ಆಷಾಢದಲ್ಲಿ ಜೀಪಿನ ಸಾಲಿಗೆ ಮೊದಲ ಸಲ 5,280 ಪೂರ್ತಿ ಬಿತ್ತು. ಖಾತೆಯಲ್ಲಿ 1,21,380. ಅದರ ಮುಂದಿನ ತಿಂಗಳು, ಇಪ್ಪತ್ತು ವರ್ಷ ದಾಟಿದ ಕಾರು ಜೀಪುಗಳ ನವೀಕರಣ ಶುಲ್ಕ 10,000 ಆಯಿತೆಂದು ಸುದ್ದಿ ಬಂತು. ಹೆಂಡತಿ ಅದನ್ನೂ ಪುಸ್ತಕದ ಅಂಚಿನಲ್ಲಿ ಬರೆದಿಟ್ಟಳು. ಬಳ್ಳಾರಿ ಕಡೆ ಅಂಥದ್ದೇ ಜೀಪಿಗೆ ಆಗ ಎರಡೂವರೆ ಲಕ್ಷ ಕೇಳುತ್ತಿದ್ದರು.

ಅಪ್ಪನ ಮುಂದೆ ಪುಸ್ತಕ ಇಟ್ಟೆ. ಕನ್ನಡಕ ಹಾಕಿಕೊಂಡು ಆ ಒಂದು ಸಾಲಿನ ಮೇಲೆ ಬೆರಳಿಟ್ಟು ಮೂರು ವರ್ಷ ಪೂರ್ತಿ ಓದಿದರು.

"ಇನ್ನೊಂದು ಆಷಾಢ ನೋಡಾಣ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಲ್ಲೀತನ ಆ ಮೆಕ್ಯಾನಿಕ್ ಹುಡುಗನಿಗೆ ಹೇಳಿಡು, ಎಂಜಿನ್ ಬಿಚ್ಚಿದ್ದು ಬ್ಯಾಡ ಅಂತ."