ಅರಗಿನ ಗಿಲಕಿ

ಪಾಂಡವಪುರದ ಕಡೆಯವರಾದ ನಮಗೆಲ್ಲ ಪಾಂಡವರ ಅರಗಿನ ಮನೆ ಕಥೆ ಗೊತ್ತು. ಆದರೆ ಅರಗು ಅಂದರೇನು? ಮುತ್ತುಗ, ಎಲಚಿ ಮುಂತಾದ ಮರಗಳ ರೆಂಬೆಗೆ ಕಚ್ಚಿಕೊಂಡು ರಸ ಹೀರುವ ಸಣ್ಣ ಹುಳುಗಳು ಮೈಯಿಂದ ಬಿಡುವ ಅಂಟೇ ಅರಗು. ಬಿಸಿಗೆ ಕರಗುತ್ತದೆ, ಆರಿದರೆ ಗಟ್ಟಿಯಾಗುತ್ತದೆ.

ಶ್ರೀರಂಗಪಟ್ಟಣದಿಂದ ಬೆಂಗಳೂರು ಕಡೆಗೆ ಸುಮಾರು 65 ಕಿ.ಮೀ. ಹೋದರೆ ಚನ್ನಪಟ್ಟಣ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕೆಲಸಗಾರರನ್ನು ಕರೆಸಿ ಅಲ್ಲಿ ಈ ಕೆಲಸ ಕಲಿಸಿದ ಅಂತ ಹೇಳುತ್ತಾರೆ. ಹಾಲೆ ಮರದ ತುಂಡನ್ನು ಒಣಗಿಸಿ, ಲೇತಿಗೆ ಹಾಕಿ, ಉಳಿಯಿಂದ ಕಡೆಯುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಗಿರ್ರನೆ ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಬ್ರಷ್ಷೂ ಇಲ್ಲ, ಬೆಂಕಿಯೂ ಇಲ್ಲ! ನಮ್ಮ ವಿಜ್ಞಾನ ಪಾಠದ ಘರ್ಷಣೆ ಇದೇ ಕಣ್ರಪ್ಪ. ಕೊನೆಗೆ ಒಣಗಿದ ಕೇದಗೆ ಗರಿ ಒತ್ತಿದರೆ ಫಳಫಳ ಹೊಳಪು ಬರುತ್ತದೆ.

ಬಾವಾಸ್ ಮಿಯಾ ಎಂಬುವರು ಜಪಾನಿನ ಗೊಂಬೆ ಮಾಡುವ ರೀತಿಯನ್ನೂ ಚನ್ನಪಟ್ಟಣಕ್ಕೆ ತಂದರಂತೆ. ಜಪಾನಿನಲ್ಲಿ ಊಟದ ಕಡ್ಡಿಗಳಿಗೂ ಹೀಗೇ ಹೊಳಪು ಕೊಡುತ್ತಾರೆ. ಆದರೆ ಅವರದು ಹುಳುವಿನ ಅರಗಲ್ಲ, ಉರುಶಿ ಎಂಬ ಮರದ ಹಾಲು. ಹಸಿಯಾಗಿ ಮೈಗೆ ತಾಗಿದರೆ ತುರಿಕೆ. ಅದು ಗಟ್ಟಿಯಾಗಲು ತೇವದ ಗಾಳಿ ಬೇಕು. ವಿಚಿತ್ರ ಅಲ್ಲವೇ? ಅಲ್ಲಿ ಮದುವೆಯಾದವರಿಗೆ ಜೋಡಿ ಕಡ್ಡಿ ಉಡುಗೊರೆ ಕೊಡುತ್ತಾರೆ. ಮಗುವಿಗೆ ಸುಮಾರು 100 ದಿನವಾದಾಗ ಅನ್ನ ಮುಟ್ಟಿಸುವ ಶಾಸ್ತ್ರದಲ್ಲೂ ಹೊಸ ಕಡ್ಡಿ ಇಡುತ್ತಾರೆ.

ನಮ್ಮಲ್ಲಿ ಮಗುವಿಗೆ ಗಿಲಕಿ. ನಮ್ಮಕ್ಕನ ಮಗೂಗೆ ನಾಮಕರಣದಲ್ಲಿ ಬಂದ ಪ್ಲಾಸ್ಟಿಕ್ ಗಿಲಕಿ ವಾರಕ್ಕೇ ಒಡೆದು ಒಳಗಿನ ಮಣಿ ಚೆಲ್ಲಿತು. ಅಜ್ಜಿ ನೋಡದಿದ್ದರೆ ಮಗು ನುಂಗುತ್ತಿತ್ತು. ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೇ ಇಡುವುದು. ಆದ್ದರಿಂದ ಮರದ ಗಿಲಕಿ ಕೊಳ್ಳುವಾಗಲೂ ಬಣ್ಣ ಯಾವುದು ಅಂತ ಕೇಳಬೇಕು. ಅರಿಶಿನ, ನೀಲಿ ಗಿಡದಂಥ ಸಸ್ಯದ ಬಣ್ಣ ಹಾಕುವವರಿದ್ದಾರೆ, ಎಲ್ಲರೂ ಹಾಕುವುದಿಲ್ಲ. ಬಿಸಿನೀರಲ್ಲಿ ಮಾತ್ರ ತೊಳೆಯಬೇಡಿ, ಅರಗಿನ ಮನೆಯ ಗತಿಯಾದೀತು!

2023ರ ಮಾರ್ಚಿಯಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಕಾರುಗಳು ಚನ್ನಪಟ್ಟಣದ ಒಳಗೆ ಬರದೆ ಹೊರಗಿಂದಲೇ ಹೋಗುತ್ತವೆ. ಹಳೇ ರಸ್ತೆಯ ಗೊಂಬೆ ಅಂಗಡಿಗಳಿಗೆ ವ್ಯಾಪಾರ ಕಡಿಮೆಯಾಯಿತು. ಅಂಗಡೀಲಿ ಮಾರದಿದ್ದರೆ ಲೇತಿನ ಮುಂದೆ ಕೂತವರಿಗೆ ಕೂಲಿ ಎಲ್ಲಿಂದ ಬರಬೇಕು? ಪಾಂಡವಪುರ ಸ್ಟೇಷನ್ನಿನಲ್ಲಿ ಬೆಂಗಳೂರಿನ ಪ್ಯಾಸೆಂಜರ್ ರೈಲು ಹತ್ತಿದರೆ ಚನ್ನಪಟ್ಟಣದಲ್ಲಿ ಇಳಿಯಬಹುದು. ಮುಂದಿನ ನಾಮಕರಣಕ್ಕೆ ಅಲ್ಲಿಗೇ ಹೋಗಿ ತರೋಣ ಅಂತ ಅಪ್ಪನಿಗೆ ಹೇಳಿದ್ದೇನೆ.