ಉಪಗ್ರಹಕ್ಕೆ ಬಂಗಡೆ ಕಾಣುತ್ತಾ?

ಇಲ್ಲ, ಕಾಣಲ್ಲ. ಆದರೂ ಕಾರವಾರದ ಬೈತಖೋಲ ಬಂದರಿನ ಬೋಟುಗಳಿಗೆ ಮೀನು ಎಲ್ಲಿ ಸಿಗಬಹುದು ಅಂತ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹ ನೋಡಿಯೇ ಹೇಳುತ್ತೆ. ಹೇಗೆ?

ಬಂಗಡೆ, ತಾರ್ಲೆಗಳ ಮೇವು ಪ್ಲಾಂಕ್ಟನ್. ಸಸ್ಯ ಪ್ಲಾಂಕ್ಟನ್‌ನ ಕ್ಲೋರೊಫಿಲ್ ನೀಲಿ ಬೆಳಕನ್ನು ಹೀರುತ್ತದೆ, ಹಸಿರನ್ನು ಅಷ್ಟಾಗಿ ಹೀರಲ್ಲ. ನೀಲಿ-ಹಸಿರಿನ ಅನುಪಾತ ತೆಗೆದರೆ ಮೇವು ಎಲ್ಲಿದೆ ಅಂತ ಗೊತ್ತಾಗುತ್ತೆ. 2022ರ ನವೆಂಬರ್ 26ರಂದು ಇಸ್ರೋ ಹಾರಿಸಿದ ಓಷನ್‌ಸ್ಯಾಟ್-3ರ ಕ್ಯಾಮೆರಾ 13 ಬ್ಯಾಂಡ್‌ಗಳಲ್ಲಿ ಸಮುದ್ರದ ಬಣ್ಣ ಅಳೆಯುತ್ತದೆ. ಕಷ್ಟ ಏನಂದ್ರೆ, ಸೆನ್ಸರ್‌ಗೆ ತಲುಪುವ ಬೆಳಕಿನಲ್ಲಿ ಸುಮಾರು ಶೇ. 90 ವಾತಾವರಣದ್ದೇ. ಅದನ್ನು ಕಳೆದು ಉಳಿದ ಚೂರಿನಲ್ಲಿ ನೀರನ್ನು ಓದಬೇಕು. (ನಾವು ಸಿಗ್ನಲ್ಸ್ ಕ್ಲಾಸಲ್ಲಿ ನೋಡೋ ನಾಯ್ಸ್ ಇದರ ಮುಂದೆ ಏನೂ ಅಲ್ಲ!)

ಜೊತೆಗೆ ಥರ್ಮಲ್ ಇನ್‌ಫ್ರಾರೆಡ್‌ನಿಂದ ಮೇಲ್ಮೈ ಉಷ್ಣತೆ. ಬೆಚ್ಚನೆ, ತಣ್ಣನೆ ನೀರು ಕೂಡುವ ಗೆರೆಯಲ್ಲಿ ಮೇವು ಒಟ್ಟಾಗುತ್ತೆ, ಅದರ ಹಿಂದೆ ಮೀನು. ಹುಡುಕಾಟ ಕಡಿಮೆಯಾದಷ್ಟೂ ಡೀಸೆಲ್ ಉಳೀತು.

ಆದರೆ ಕಾರವಾರದಲ್ಲಿ ಕಾಳಿ, ಅಂಕೋಲಾದಲ್ಲಿ ಗಂಗಾವಳಿ ಸಮುದ್ರ ಸೇರುವ ಕಡೆ ಕೆಸರೂ ಬಣ್ಣ ಬದಲಿಸುತ್ತೆ, ಕ್ಲೋರೊಫಿಲ್ ಲೆಕ್ಕ ತಪ್ಪುತ್ತೆ. ದಡದ ಹತ್ತಿರವೇ ಬಲೆ ಬೀಸುವ ನಾಡದೋಣಿಯವರಿಗೆ ಇದರ ಉಪಯೋಗ ಕಡಿಮೆ ಅಂತಲೇ ನಮಗನ್ನಿಸುತ್ತೆ. ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಟ್ರಾಲರ್‌ಗಳು ಹೊರಡೋ ಹೊತ್ತಿಗೆ ಮೋಡ ಇನ್ನೂ ಇರುತ್ತೆ. ಮೋಡ ಇದ್ದರೆ ಈ ಎರಡೂ ಸೆನ್ಸರ್ ಕುರುಡು. ಅದೇ ಉಪಗ್ರಹದ ಸ್ಕ್ಯಾಟರೋಮೀಟರ್ ಮಾತ್ರ ಮೈಕ್ರೋವೇವ್ ಕಳಿಸಿ, ಸೆಂಟಿಮೀಟರ್ ಗಾತ್ರದ ಅಲೆಗಳಿಂದ ಮರಳಿದ್ದನ್ನು ಅಳೆದು, ಮೋಡದ ಮೇಲಿಂದಲೇ ಗಾಳಿಯ ವೇಗ, ದಿಕ್ಕು ಹೇಳುತ್ತೆ. ಮೀನು ಎಲ್ಲಿದೆ ಅನ್ನೋದು ಆಮೇಲೆ. ಅವತ್ತು ಬೋಟು ಬಿಡಬೇಕಾ ಬೇಡ್ವಾ ಅನ್ನೋದಕ್ಕೆ ಬೇಕಾಗೋದು ಈ ಗಾಳಿಯ ಲೆಕ್ಕ.