ತೋಟದ ಮನೆಗೆ ಬೇಲಿ: ಗಡಿ, ದಾರಿ ಮತ್ತು ಅನುಮತಿ

ಸುಗ್ಗಿ ಮುಗಿದು ಹೊಲ ಬರಿದಾದ ಕೂಡಲೇ ಊರಿನಲ್ಲಿ ಬೇಲಿಯ ಮಾತು ಬರುತ್ತದೆ. ತೋಟದಲ್ಲಿ ಮನೆ ಕಟ್ಟಿಕೊಂಡವರಿಗಂತೂ ದನ, ಹಂದಿ, ಕಳ್ಳರ ಕಾಟದಿಂದ ಬೇಲಿ ಅನಿವಾರ್ಯ. ಕಲ್ಲುಕಂಬ, ಮುಳ್ಳುತಂತಿ ತಂದು ಇಳಿಸಿದ ಮೇಲೆ ರೈತರು ಗಡಿ ಎಲ್ಲಿದೆ ಎಂದು ನೋಡಲು ಹೊರಡುವುದೇ ಹೆಚ್ಚು. ಆಗ ಬದುವನ್ನೇ ಗಡಿಯೆಂದು ನಂಬಿ ಕಂಬ ನೆಡುತ್ತಾರೆ. ಬದು ಗಡಿಯಾಗಿರಲೇಬೇಕೆಂಬ ನಿಯಮವಿಲ್ಲ. ವರ್ಷ ವರ್ಷವೂ ನೇಗಿಲು ಅದನ್ನು ಒಂದೆರಡು ಅಂಗುಲ ಕೆರೆಯುತ್ತದೆ, ಟ್ರ್ಯಾಕ್ಟರ್ ಬಂದ ಮೇಲೆ ಇನ್ನೂ ಬೇಗ. ಅಪ್ಪನ ಕಾಲದ ಬದು ಮಗನ ಕಾಲಕ್ಕೆ ಅದೇ ಜಾಗದಲ್ಲಿ ಇರುವುದು ಅಪರೂಪ.

ಒಂದೆರಡು ಅಡಿಗೆ ಇಷ್ಟೇಕೆ ಗಲಾಟೆ ಎನ್ನುವವರು ಈ ಲೆಕ್ಕ ನೋಡಬೇಕು. ಸರ್ವೆಯ ಸರಪಳಿ 33 ಅಡಿ ಉದ್ದ, ಅದರಲ್ಲಿ 16 ಆಣೆ. ಒಂದು ಆಣೆ ಎಂದರೆ ಎರಡಡಿಗಿಂತ ತುಸು ಹೆಚ್ಚು. 33 ಅಡಿ ಉದ್ದ, 33 ಅಡಿ ಅಗಲದ ನೆಲ, ಅಂದರೆ 1089 ಚದರ ಅಡಿ, ಒಂದು ಗುಂಟೆ. 40 ಗುಂಟೆ ಒಂದು ಎಕರೆ. 16 ಸರಪಳಿ, ಅಂದರೆ 528 ಅಡಿ ಉದ್ದದ ಬೇಲಿ ಒಂದೇ ಒಂದು ಆಣೆ ಆಚೆ ಸರಿದರೂ ಪಕ್ಕದವರ ಒಂದು ಗುಂಟೆ ನೆಲ ಹೋದಂತೆಯೇ. ಎರಡೆಕರೆ ಇರುವ ಬಾಜುದಾರನಿಗೆ ಅದು ಸಣ್ಣ ನಷ್ಟವಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟು ಕೋರ್ಟು ಹತ್ತುವುದೂ ಇಂಥ ಒಂದಾಣೆಯಿಂದಲೇ.

ಆದ್ದರಿಂದ ಮೊದಲ ಕೆಲಸ ಹದ್ದುಬಸ್ತು. ಇದಕ್ಕೆ ನಾಡಕಚೇರಿಯಲ್ಲಿ ಮೋಜಿಣಿ ವ್ಯವಸ್ಥೆಯ ಮೂಲಕ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ರಸೀದಿ ಪಡೆಯಬೇಕು. ಭೂಮಾಪಕರು ಬಾಜುದಾರರಿಗೆ ನೋಟೀಸು ಕೊಟ್ಟು, ಮೂಲ ಟಿಪ್ಪಣಿಯ ಅಳತೆಯಂತೆ ಗಡಿ ಗುರುತಿಸಿಕೊಡುತ್ತಾರೆ. ಈಗ ಹಲವೆಡೆ ಸರಪಳಿಯ ಬದಲು ರೋವರ್ ಯಂತ್ರ ಬಂದಿದೆ. ಅಳತೆಯ ಸಾಧನ ಹೊಸದಾದರೂ ಆಧಾರ ಹಳೆಯ ದಾಖಲೆಯೇ. ಅಳತೆಯ ದಿನ ಬಾಜುದಾರರು ಬಾರದಿದ್ದರೆ ತನಗೇ ಅನುಕೂಲವೆಂದು ಅರ್ಜಿದಾರರು ತಿಳಿಯಬಾರದು. ನೋಟೀಸು ತಲುಪಿದ್ದರೂ ಮನೆಗೆ ಹೋಗಿ ಕರೆದು, ಎದುರಿಗೇ ಕಲ್ಲು ನೆಡಿಸಿ, ಮಹಜರಿಗೆ ಸಹಿ ಹಾಕಿಸುವುದು ಲೇಸು. ಕಣ್ಣಾರೆ ಕಂಡ ಕಲ್ಲಿನ ಬಗ್ಗೆ ತಕರಾರು ಕಡಿಮೆ.

ಇಲ್ಲಿ ಒಂದು ತೊಡಕು ಬರಬಹುದು. ಒಂದೇ ಸರ್ವೆ ನಂಬರಿನ ಪಹಣಿಯಲ್ಲಿ ಮೂರು ನಾಲ್ಕು ಜನರ ಹೆಸರಿದ್ದು ಪೋಡಿ ಆಗಿರದಿದ್ದರೆ, ಒಬ್ಬರ ಪಾಲಿಗೆ ಮಾತ್ರ ಹದ್ದುಬಸ್ತು ಮಾಡಿಕೊಡಲು ಬರುವುದಿಲ್ಲ. ಪಾಲು ಯಾವ ಕಡೆಗಿದೆ ಎಂಬುದು ಸರ್ಕಾರಿ ನಕ್ಷೆಯಲ್ಲಿ ಇಲ್ಲವಲ್ಲ! ಅಂಥವರು ಮೊದಲು ಪೋಡಿ ಮಾಡಿಸಿ ಹಿಸ್ಸಾ ನಂಬರು ಪಡೆಯಬೇಕು. ಬಾಯಿಮಾತಿನ ಪಾಲಿನ ಮೇಲೆ ಖರ್ಚು ಮಾಡಿ ತಂತಿ ಬೇಲಿ ಹಾಕುವುದು ಜಾಣತನವಲ್ಲ.

ಪಹಣಿಯಲ್ಲಿ ಖರಾಬು ಎಂದು ತೋರಿಸಿರುವುದನ್ನೂ ಗಮನಿಸಬೇಕು. 'ಅ' ಖರಾಬು ಸಾಗುವಳಿಗೆ ಬಾರದ ನೆಲ. 'ಬ' ಖರಾಬು ಹಾಗಲ್ಲ. ಅದು ದಾರಿ, ಹಳ್ಳ, ಕೆರೆ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು. ಸುತ್ತಲ ಜಮೀನು ತನ್ನದಾದ ಮಾತ್ರಕ್ಕೆ ನಡುವಿನ 'ಬ' ಖರಾಬನ್ನೂ ಬೇಲಿಯೊಳಗೆ ಸೇರಿಸಿಕೊಂಡರೆ ಅದು ಒತ್ತುವರಿ.

ದಾರಿಯ ವಿಷಯ ಇನ್ನೂ ಸೂಕ್ಷ್ಮ. ಬಂಡಿದಾರಿ, ಕಾಲುದಾರಿ ಇದ್ದರೆ ಗ್ರಾಮ ನಕ್ಷೆ ತರಿಸಿ ನೋಡಬೇಕು. ನಕ್ಷೆಯಲ್ಲಿ ಇಲ್ಲದ ದಾರಿಯನ್ನೂ ತಕ್ಷಣ ಮುಚ್ಚುವಂತಿಲ್ಲ. 1882ರ ಅನುಭೋಗದ ಹಕ್ಕುಗಳ ಕಾಯಿದೆಯಂತೆ 20 ವರ್ಷ ಅಡೆತಡೆಯಿಲ್ಲದೆ, ಬಹಿರಂಗವಾಗಿ, ಹಕ್ಕೆಂದು ನಡೆದಾಡಿದ ದಾರಿಗೆ ಹಕ್ಕು ಹುಟ್ಟಬಹುದು. ಹಿಂದಿನ ಜಮೀನಿನವರು ಗೊಬ್ಬರದ ಗಾಡಿಯನ್ನು ಇದೇ ದಾರಿಯಲ್ಲಿ ಹೊಡೆಯುತ್ತಿದ್ದರೆ ಬೇಲಿಯಲ್ಲಿ ಗೇಟು ಇಟ್ಟು, ಅಗಲವನ್ನು ಇಬ್ಬರೂ ಒಪ್ಪಿ ಬರೆದುಕೊಳ್ಳುವುದು ಕೋರ್ಟಿಗಿಂತ ಅಗ್ಗ. ಮಳೆನೀರು ಹರಿಯುವ ಕಡೆ ಕಾಂಪೌಂಡು ಗೋಡೆ ಕಟ್ಟುವುದಾದರೆ ಕಂಡಿ ಬಿಡಬೇಕು. ಇಲ್ಲವಾದರೆ ಮೇಲಿನ ಹೊಲದಲ್ಲಿ ನೀರು ನಿಂತು ಬೆಳೆ ಕೊಳೆಯುತ್ತದೆ.

ಗಡಿ ಸರಿಯಿದ್ದರೂ ಎಲ್ಲ ಕಡೆಯೂ ಗಡಿಯ ಮೇಲೇ ಬೇಲಿ ಹಾಕಲು ಬರುವುದಿಲ್ಲ. ರಸ್ತೆ ಪಕ್ಕದ ಜಮೀನಿನವರು ಇದನ್ನು ಮರೆಯುತ್ತಾರೆ. 1964ರ ಕರ್ನಾಟಕ ಹೆದ್ದಾರಿಗಳ ಕಾಯಿದೆಯಲ್ಲಿ ರಸ್ತೆಯ ಇಕ್ಕೆಲಗಳಲ್ಲಿ ಕಟ್ಟಡ ರೇಖೆ ಗೊತ್ತುಪಡಿಸಲು ಅವಕಾಶವಿದೆ. ಆ ರೇಖೆಯೊಳಗೆ ಏನನ್ನಾದರೂ ಕಟ್ಟುವ ಮೊದಲು, ನೆಲ ಸ್ವಂತದ್ದೇ ಆದರೂ, ಅನುಮತಿ ಕೇಳಬೇಕು. ಊರೊಳಗೆ ಮನೆಗೆ ಕಾಂಪೌಂಡು ಕಟ್ಟುವವರು ಗ್ರಾಮ ಪಂಚಾಯತಿಯ ಲಿಖಿತ ಪರವಾನಗಿ ಪಡೆಯತಕ್ಕದ್ದು. ಪಟ್ಟಣದ ಅಂಚಿನ ಹಳ್ಳಿಗಳು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ಯೋಜನಾ ಪ್ರದೇಶಕ್ಕೆ ಸೇರಿದ್ದರೆ, ಮಹಾಯೋಜನೆಯ ನಕ್ಷೆಯಲ್ಲಿ ಜಮೀನಿನ ಮೇಲೆ ಹೊಸ ರಸ್ತೆಯ ಗೆರೆ ಬಿದ್ದಿದೆಯೇ ಎಂದು ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸುವುದು ಅವಶ್ಯ.

ನಿಯಮದಂತೆ ಬೇಲಿ ಹಾಕಿದರೆ ಬಾವಿಯೋ ಕೊಟ್ಟಿಗೆಯೋ ಹೊರಗುಳಿಯುತ್ತದೆ ಎನ್ನುವ ಸಂದರ್ಭವೂ ಉಂಟು. ಆಗ ಮೊದಲು ಕಟ್ಟಿ ಆಮೇಲೆ ಕೈಮುಗಿಯುವ ಪದ್ಧತಿ ಬಿಟ್ಟು, ಮುಂಚೆಯೇ ವಿನಾಯಿತಿ ಕೋರಿ ಅರ್ಜಿ ಕೊಡಬೇಕು. "ನನಗೆ ಅನುಕೂಲವಾಗುತ್ತದೆ" ಎಂದು ಬರೆದರೆ ಅಧಿಕಾರಿಗಳಿಗೆ ಏನೂ ತಿಳಿಯದು. ರಸ್ತೆಯ ನಡುಗೆರೆಯಿಂದ ಬೇಲಿಗೆ ಎಷ್ಟು ಅಡಿ, ಬೇಲಿಯ ಎತ್ತರ ಎಷ್ಟು, ತಂತಿಯೋ ಗೋಡೆಯೋ, ಬಾವಿ ಎಲ್ಲಿದೆ, ತಿರುವಿನಲ್ಲಿ ಗಾಡಿಯವರ ಕಣ್ಣಿಗೆ ಎದುರು ಬರುವ ವಾಹನ ಕಾಣುತ್ತದೆಯೇ ಎಂಬುದನ್ನು ಕೈನಕ್ಷೆಯಲ್ಲಿ ತೋರಿಸಬೇಕು. ಹದ್ದುಬಸ್ತಿನ ನಕಲು, ಬಾಜುದಾರರ ಒಪ್ಪಿಗೆ ಪತ್ರ ಲಗತ್ತಿಸಿದರೆ ಅರ್ಜಿಗೆ ತೂಕ ಬರುತ್ತದೆ. ಸ್ವೀಕೃತಿ ಪಡೆಯದೆ ಯಾವ ಅರ್ಜಿಯನ್ನೂ ಕೊಡಬಾರದು. ಉತ್ತರ ಬರುವವರೆಗೆ ಕಲ್ಲುಕಂಬದ ಬದಲು ಒಣಮುಳ್ಳಿನ ಬೇಲಿಯಿಂದ ಸುಧಾರಿಸಿಕೊಳ್ಳಬಹುದು. ಅರ್ಜಿ ತಿರಸ್ಕೃತವಾದರೂ ಕಿತ್ತು ಹಾಕುವ ನಷ್ಟ ಅಷ್ಟಿಲ್ಲ.

ಹಂದಿಯ ಕಾಟಕ್ಕೆಂದು ಪಂಪ್‌ಸೆಟ್ಟಿನ ಲೈನಿನಿಂದ ಬೇಲಿಗೆ ನೇರ ಕರೆಂಟು ಹರಿಸುವುದು ಅಪರಾಧ. ರಾತ್ರಿ ನೀರು ಕಟ್ಟಲು ಬಂದ ಮನೆಯವರೇ ಅದಕ್ಕೆ ಬಲಿಯಾಗಬಹುದು. ಸೋಲಾರ್ ಬೇಲಿಯ ಯಂತ್ರ ಕ್ಷಣಕಾಲದ ಬಡಿತ ಮಾತ್ರ ಕೊಡುತ್ತದೆ. ಬೇಕಿದ್ದರೆ ಅದನ್ನು ಎಚ್ಚರಿಕೆ ಫಲಕದೊಡನೆ ಹಾಕಿಸಬೇಕು.

ಜೀವಂತ ಬೇಲಿ ಬೆಳೆಸುವವರು ಗಡಿಕಲ್ಲಿನಿಂದ ಎರಡು ಮೂರು ಅಡಿ ಒಳಕ್ಕೆ ನೆಡುವುದು ಒಳ್ಳೆಯದು. ಕತ್ತಾಳೆ ಮರಿ ಹಾಕುತ್ತ ಅಗಲವಾಗುತ್ತದೆ, ಗ್ಲಿರಿಸಿಡಿಯಾದ ನೆರಳು ಪಕ್ಕದವರ ಪೈರಿನ ಮೇಲೆ ಬೀಳುತ್ತದೆ. ಗ್ಲಿರಿಸಿಡಿಯಾವನ್ನು ಆಗಾಗ ಸವರಿದರೆ ಹಸಿರೆಲೆ ಗೊಬ್ಬರವೂ ಆಯಿತು. ಗಡಿಕಲ್ಲುಗಳು ಮಾತ್ರ ಪೊದೆಯಲ್ಲಿ ಮುಚ್ಚಿಹೋಗದಂತೆ ಸುತ್ತ ಬಿಡಿಸಿಡಬೇಕು. ಅವುಗಳನ್ನು ಸುಸ್ಥಿತಿಯಲ್ಲಿ ಕಾಪಾಡುವ ಹೊಣೆಯನ್ನು 1964ರ ಭೂಕಂದಾಯ ಕಾಯಿದೆ ಹಿಡುವಳಿದಾರರ ಮೇಲೆಯೇ ಹೊರಿಸಿದೆ.

ಗ್ಲಿರಿಸಿಡಿಯಾ ಕಡ್ಡಿ ನೆಡಲು ಮುಂಗಾರು ಹಿಡಿಯಬೇಕು. ಹದ್ದುಬಸ್ತಿಗೆ ಅರ್ಜಿ ಕೊಡಲು ಅಲ್ಲಿಯವರೆಗೆ ಕಾಯಬೇಕಿಲ್ಲ. ಸುಗ್ಗಿ ಮುಗಿದ ವಾರದಲ್ಲೇ ಕೊಟ್ಟರೆ, ಭೂಮಾಪಕರು ಬರುವ ಹೊತ್ತಿಗೆ ಹೊಲ ಬರಿದಾಗಿರುತ್ತದೆ; ಪೈರು ತುಳಿಯದೆ ಸರಪಳಿಯನ್ನು ನೇರ ಎಳೆಯಬಹುದು.